ಗೋಡೆಯ ಪ್ಲಗ್ಗಿನಿಂದ ಒಳಕ್ಕೆ: ಮಳೆಸೀಮೆಯ ಮನೆಗೊಂದು ಸರ್ವರ್

ಆಷಾಢದ ಒಂದು ಸಂಜೆ. ಕುಮಟಾದ ನಮ್ಮ ಮನೆಯ ಮಾಳಿಗೆಯಲ್ಲಿ ಮದುವೆಯೊಂದರ ವಿಡಿಯೊ ರೆಂಡರ್ ಆಗುತ್ತಿತ್ತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಕಂಪ್ಯೂಟರಿನ ಹಿಂದೆ ‘ಟಪ್’ ಎಂದಿತು. ಬೆನ್ನಿಗೇ ಸುಟ್ಟ ಮೀನಿನ ವಾಸನೆ. ನಮ್ಮದು ಮೀನು ತಿನ್ನದ ಮನೆ. ಕೆಳಗಿನಿಂದ ಆಯಿ, ‘ಯಾರ ಮನೆಯಲ್ಲಿ ಬಂಗಡೆ ಸುಡುತ್ತಿದ್ದಾರೆ?’ ಎಂದು ಕೂಗಿದಳು. ಸುಟ್ಟದ್ದು ಬಂಗಡೆಯಲ್ಲ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹದಮಾಡಿ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗಿನ ಕೆಪಾಸಿಟರ್. ಅದು ಒಂಟಿಯಾಗಿ ಹೋಗಲಿಲ್ಲ. ಮದರ್‌ಬೋರ್ಡನ್ನೂ ಒಂದು ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಆ ಎಸ್‌ಎಂಪಿಎಸ್ ಮೈಮೇಲೆ 500 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಿಚ್ಚಿ ಕೈಯಲ್ಲಿ ಹಿಡಿದರೆ ಸುಲಿದ ತೆಂಗಿನಕಾಯಿಗಿಂತ ಹೆಚ್ಚು ತೂಗುತ್ತಿರಲಿಲ್ಲ. ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ ನಾನು ಎಸ್‌ಎಂಪಿಎಸ್ ಬಗ್ಗೆ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಕ್ಯಾಬಿನೆಟ್ ಜೊತೆಗೇ ಬರುತ್ತದೆಯಲ್ಲ?’ ಬರುತ್ತದೆ ಎಂದರು. ಬಂತು.

ಸತ್ತ ಡಿಸ್ಕಿನಲ್ಲಿ ಅಪ್ಪಯ್ಯನ ಹನ್ನೊಂದು ಟೇಪುಗಳ ಪ್ರತಿ ಇತ್ತು. ಸ್ಟುಡಿಯೊ ನಡೆಸುತ್ತಿದ್ದ ಅಪ್ಪಯ್ಯ ಮದುವೆ, ಉಪನಯನದ ದುಡ್ಡಿನಲ್ಲಿ ಮನೆ ನಡೆಸಿ, ಉಳಿದ ರಾತ್ರಿಗಳನ್ನೆಲ್ಲ ಬಡಗುತಿಟ್ಟಿನ ಯಕ್ಷಗಾನದ ಆಟಕ್ಕೂ ತಾಳಮದ್ದಳೆಗೂ ಕೊಟ್ಟವನು. ಅವನು ಬಿಟ್ಟುಹೋದದ್ದು 214 ಮಿನಿ ಡಿವಿ ಟೇಪು, ಮುನ್ನೂರು ಚಿಲ್ಲರೆ ಕ್ಯಾಸೆಟ್ಟು. ಅವುಗಳಲ್ಲಿ ಕುಣಿದವರು, ಹಾಡಿದವರು ಹಲವರು ಈಗಿಲ್ಲ. ಟೇಪುಗಳು ಇನ್ನೂ ಇದ್ದುದರಿಂದ ಹನ್ನೊಂದನ್ನೂ ಮತ್ತೊಮ್ಮೆ ಇಳಿಸಿಕೊಂಡೆ. ಆದರೆ ಟೇಪಿಗೂ ಆಯುಸ್ಸಿದೆ, ಅದನ್ನು ಓಡಿಸುವ ಕ್ಯಾಮೆರಾಕ್ಕೂ ಆಯುಸ್ಸಿದೆ. ಮೂರನೆಯ ಅವಕಾಶ ಸಿಗುತ್ತದೆಂದು ನಂಬುವಂತಿಲ್ಲ.

ಬಿಡಿಭಾಗಗಳ ಬಗ್ಗೆ ಯಾರನ್ನು ಕೇಳಿದರೂ ಮಾತು ಪ್ರೊಸೆಸರಿನಿಂದ ಶುರುವಾಗಿ, ಕೊನೆಯಲ್ಲಿ ‘ಒಂದು ಒಳ್ಳೆಯ ಯುಪಿಎಸ್ ಹಾಕಿಕೊಳ್ಳಿ’ ಎಂದು ಮುಗಿಯುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಯಲ್ಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳ ಮಳೆಯಲ್ಲಿ ಇದನ್ನು ತಿರುಗಾಮುರುಗಾ ಮಾಡಬೇಕು. ಗೋಡೆಯ ಪ್ಲಗ್ಗಿನಿಂದ ಹೊರಟು ಒಳಕ್ಕೆ ಬನ್ನಿ. ಪ್ರೊಸೆಸರ್ ಕೊನೆಗೆ.

ಅದಕ್ಕೂ ಮೊದಲು ತೀರ್ಮಾನಿಸಬೇಕಾದದ್ದು ಯಂತ್ರ ಒಂದೋ ಎರಡೋ ಎಂಬುದು. ನಾನು ಮೊದಲು ಒಂದರಲ್ಲೇ ಎಲ್ಲವನ್ನೂ ತುಂಬಿದ್ದೆ: ಎಡಿಟಿಂಗೂ ಅದರಲ್ಲೇ, ಸಂಗ್ರಹವೂ ಅದರಲ್ಲೇ. ಎಡಿಟಿಂಗ್ ಯಂತ್ರ ದಿನಕ್ಕೆ ಆರು ತಾಸು ದುಡಿದು ಆರಿಸುವಂಥದ್ದು. ಬಿಸಿಯಾಗುತ್ತದೆ, ಹ್ಯಾಂಗ್ ಆಗುತ್ತದೆ, ಹೊಸ ತಂತ್ರಾಂಶ ಹಾಕಿ ಕೆಡಿಸುವುದೂ ಉಂಟು. ಸರ್ವರ್ ಎಂದರೆ ಮನೆಯ ಕಣಜವಿದ್ದಂತೆ. ಅದು ಮೂಲೆಯಲ್ಲಿ ಸುಮ್ಮನೆ, ತಣ್ಣಗೆ, ವರ್ಷಾನುಗಟ್ಟಲೆ ಇರಬೇಕು. ಕಾಳು ಬೀಸುವ ಗಿರಣಿಯನ್ನೂ ಕಾಳು ತುಂಬುವ ಕಣಜವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ದುಡ್ಡು ಕಡಿಮೆಯಿದ್ದರೆ ಎಡಿಟಿಂಗಿಗೆ ಹಳೆಯದನ್ನೇ ಇಟ್ಟುಕೊಂಡು ಸರ್ವರನ್ನು ಮೊದಲು ಕಟ್ಟಿ.

ಕರೆಂಟು

ಮೊದಲ ಖರೀದಿ ಮಲ್ಟಿಮೀಟರ್ ಆಗಲಿ. ಬಳಸಿ ರೂಢಿಯಿಲ್ಲದಿದ್ದರೆ ವೈರಿಂಗ್ ಗೊತ್ತಿರುವವರನ್ನು ಕರೆಸಿ. ಇದು ಹುಡುಗಾಟಿಕೆಯ ಜಾಗವಲ್ಲ. ಒಂದು ವಾರ, ದಿನಕ್ಕೆ ಮೂರು ಹೊತ್ತು, ಸರ್ವರ್ ಇಡಬೇಕೆಂದಿರುವ ಪ್ಲಗ್ಗಿನ ವೋಲ್ಟೇಜನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ನಮ್ಮ ಮನೆಯಲ್ಲಿ ಬೆಳಗಿನ ಜಾವ 238 ಇದ್ದದ್ದು ಸಂಜೆ ಏಳಕ್ಕೆ 205 ಆಗುತ್ತಿತ್ತು. ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ಸೋದರಮಾವನ ಮನೆಯಲ್ಲಿ, ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಫೆಬ್ರವರಿಯಲ್ಲಿ, 168ಕ್ಕೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಂತರ ಅರ್ಥಿಂಗ್ ನೋಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ತೋರಿಸುತ್ತದೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ನಮ್ಮದು 41 ತೋರಿಸಿತು. ಅಗೆದು ನೋಡಿದರೆ ತಂತಿ ಮಣ್ಣಿನ ಮಟ್ಟದಲ್ಲಿ ತುಕ್ಕು ಹಿಡಿದು ಕೂದಲೆಳೆಯಷ್ಟು ಉಳಿದಿತ್ತು. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಕೆಸರು, ಮಾರ್ಚಿನ ನಂತರ ಬೆಂದ ಇಟ್ಟಿಗೆ. ನೀರೆಲ್ಲ ಇಂಗಿ ಒಣಗಿದ ಮೇಲೆ ಅರ್ಥಿಂಗ್ ಗುಂಡಿ ಇದ್ದೂ ಇಲ್ಲದಂತೆ. ಉಪ್ಪು, ಇದ್ದಿಲು ತುಂಬಿಸಿ ಹೊಸ ತಂತಿ ಎಳೆಸಿದೆ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಅದಕ್ಕೆ ಮೀಸಲು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ, ದುಬಾರಿ ಸ್ಪೈಕ್ ಗಾರ್ಡ್ ಹೆಚ್ಚುಕಡಿಮೆ ಎಕ್ಸ್‌ಟೆನ್ಷನ್ ಬೋರ್ಡ್ ಆಗಿ ಉಳಿಯುತ್ತದೆ.

ಈಗ ಎಸ್‌ಎಂಪಿಎಸ್. ಪೆಟ್ಟಿಗೆಯ ಮುಂಭಾಗದ ಬಣ್ಣದ ಚಿತ್ರ ಬಿಟ್ಟು ಪಕ್ಕದ ಚೀಟಿ ಓದಿ. ಇನ್‌ಪುಟ್ ಎಂಬಲ್ಲಿ ‘100–240 ವೋಲ್ಟ್’ ಎಂದಿದ್ದರೆ ಕೊಳ್ಳಬಹುದು. ‘200–240’ ಎಂದಷ್ಟೇ ಇದ್ದರೆ ಅದು ನಮ್ಮ ಸಂಜೆಗಳಿಗೆ ಹೇಳಿದ್ದಲ್ಲ. ಪೂರ್ತಿ ವ್ಯಾಪ್ತಿಯವುಗಳಲ್ಲಿ ಸಾಮಾನ್ಯವಾಗಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ಏರ್ಪಾಡಿರುತ್ತದೆ; ವೋಲ್ಟೇಜ್ 170ಕ್ಕೆ ಬಿದ್ದರೂ ಅವು ಸಹಿಸಿಕೊಳ್ಳುತ್ತವೆ. ದಕ್ಷತೆಯನ್ನು ಸೂಚಿಸುವ 80 ಪ್ಲಸ್ ಬ್ರಾಂಜ್ ಮುದ್ರೆ ಕನಿಷ್ಠ, ಗೋಲ್ಡ್ ಸಿಕ್ಕರೆ ಒಳ್ಳೆಯದು, ವಾರಂಟಿ ಐದು ವರ್ಷಕ್ಕೆ ಕಡಿಮೆ ಬೇಡ.

ವ್ಯಾಟಿನ ಲೆಕ್ಕಕ್ಕೆ ಯಾರೂ ಹೆದರಬೇಕಿಲ್ಲ. 3.5 ಇಂಚಿನ ಡಿಸ್ಕು ತಿರುಗಲು ಶುರುಮಾಡುವ ಕ್ಷಣದಲ್ಲಿ 25 ವ್ಯಾಟಿನ ಹತ್ತಿರ ಎಳೆಯುತ್ತದೆ, ಆಮೇಲೆ ಐದರಿಂದ ಎಂಟಕ್ಕೆ ಇಳಿಯುತ್ತದೆ. ನಾಲ್ಕು ಡಿಸ್ಕು ಒಟ್ಟಿಗೆ ಎದ್ದರೂ ನೂರು. ಪ್ರೊಸೆಸರ್ ಪೂರ್ತಿ ದುಡಿದರೆ ತೊಂಬತ್ತು ಎಂದಿಟ್ಟುಕೊಳ್ಳಿ. 400–450 ವ್ಯಾಟಿನದು ಧಾರಾಳ. 750 ಕೊಂಡರೆ ಮೂವತ್ತು ವ್ಯಾಟಿನ ಹೊರೆಯಲ್ಲಿ ಅದರ ದಕ್ಷತೆ ಇಳಿಯುತ್ತದೆ. ಒಂದು ಕುಡಿತೆ ಪಾಯಸಕ್ಕೆ ಹಂಡೆ ಒಲೆಗೇರಿಸಿದ ಹಾಗೆ. ಇನ್ನೊಂದು ಎಚ್ಚರಿಕೆ: ವೈರುಗಳನ್ನು ಕಳಚುವಂಥ ಎಸ್‌ಎಂಪಿಎಸ್ ಇದ್ದರೆ ಒಂದರ ವೈರನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ಮೂತಿ ಕೂಡಿಕೊಂಡರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು, ಡಿಸ್ಕುಗಳು ಸಾಲಾಗಿ ಸಾಯುತ್ತವೆ.

ಯುಪಿಎಸ್ ಕೊಳ್ಳುವಾಗ ‘ಲೈನ್ ಇಂಟರ್‌ಆ್ಯಕ್ಟಿವ್’ ಎಂದು ಕೇಳಿ ಕೊಳ್ಳಿ. ಬ್ಯಾಟರಿಯನ್ನು ಮುಟ್ಟದೆಯೇ ಸಣ್ಣಪುಟ್ಟ ಏರಿಳಿತವನ್ನು ಅದು ತಿದ್ದುತ್ತದೆ. ಒಳಬರುವ ವ್ಯಾಪ್ತಿ 140ರಿಂದ 300 ವೋಲ್ಟ್ ಎಂದು ನಮೂದಿಸಿದವು ಸಿಗುತ್ತವೆ. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಸರ್ವರಿಗೆ ಅದೇ ಸಾಕು. ಆದರೆ ಹಿಂಭಾಗದಲ್ಲಿ ಯುಎಸ್‌ಬಿ ಕಿಂಡಿ ಇದೆಯೇ ಎಂದು ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಮೊಬೈಲ್ ಚಾರ್ಜಿಗೆಂದು ಇಟ್ಟ ಕಿಂಡಿಯಲ್ಲ, ಕಂಪ್ಯೂಟರಿಗೆ ‘ಕರೆಂಟು ಹೋಗಿದೆ’ ಎಂದು ಸುದ್ದಿ ಮುಟ್ಟಿಸುವ ಕಿಂಡಿ. ಲಿನಕ್ಸ್‌ನಲ್ಲಿ ‘ನಟ್’ ಎಂಬ ಉಚಿತ ತಂತ್ರಾಂಶ ಆ ಸುದ್ದಿಯನ್ನು ಕೇಳಿಸಿಕೊಂಡು ಯಂತ್ರವನ್ನು ತಾನೇ ಆರಿಸುತ್ತದೆ. ನಾನು ನಾಲ್ಕು ನಿಮಿಷ ಕಾಯುವಂತೆ ಹೇಳಿಟ್ಟಿದ್ದೇನೆ. ನಮ್ಮಲ್ಲಿ ಕರೆಂಟು ಒಂದೋ ಎರಡು ನಿಮಿಷದಲ್ಲಿ ಬರುತ್ತದೆ, ಇಲ್ಲವೇ ಮರ ಬಿದ್ದಿದೆ ಎಂದರ್ಥ. ಮರ ಬಿದ್ದರೆ ಮರುದಿನವೇ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷ ಬಾಳುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಪರೀಕ್ಷಿಸಿ.

ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಏಕೆ ಎನ್ನುವವರಿದ್ದಾರೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಒರಟು ಕರೆಂಟು ಟ್ಯೂಬ್‌ಲೈಟಿಗೆ ಸರಿ. ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗೆ ಅದು ಒಗ್ಗದಿರಬಹುದು. ಕೆಲವು ಯುಪಿಎಸ್‌ಗಳಂತೂ ಅದನ್ನು ಕರೆಂಟೆಂದೇ ಒಪ್ಪದೆ ತಮ್ಮ ಬ್ಯಾಟರಿ ಖಾಲಿಯಾಗುವವರೆಗೆ ಕಿರುಚುತ್ತವೆ. ಇನ್ವರ್ಟರ್ ಸೈನ್ ವೇವ್‌ನದಾಗಿದ್ದರೆ ಅದಕ್ಕೂ ಸರ್ವರಿಗೂ ನಡುವೆ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ, ಎರಡೂ ಹೊಂದಿಕೊಂಡು ಹೋಗುತ್ತವೆ.

ಸಿಡಿಲಿನ ಮಾತು ಬೇರೆ. ಅದಕ್ಕೆ ಯುಪಿಎಸ್ಸೂ ಇಲ್ಲ, ಗೋಲ್ಡೂ ಇಲ್ಲ. ಚಿತ್ತಾ ಮಳೆಯ ಒಂದು ಗುಡುಗಿಗೆ ನಮ್ಮ ಮನೆಯ ವಿದ್ಯುತ್ ಲೈನಿಗೆ ಏನೂ ಆಗಲಿಲ್ಲ. ಸಿಡಿಲು ಗೇಟಿನ ಕಂಬದ ಸಿಸಿಟಿವಿ ಕ್ಯಾಮೆರಾದಿಂದ ಬಂದ ಲ್ಯಾನ್ ವೈರಿನ ದಾರಿಯಲ್ಲಿ ಒಳಗೆ ಬಂದು, ಲ್ಯಾನ್ ವೈರುಗಳನ್ನು ಕೂಡಿಸುವ ಸ್ವಿಚ್ಚನ್ನೂ ಮದರ್‌ಬೋರ್ಡಿನ ಲ್ಯಾನ್ ಪೋರ್ಟನ್ನೂ ಮುಗಿಸಿತು. ಮನೆಯ ಹೊರಗೆ ಹೋಗುವ ತಾಮ್ರದ ವೈರು ಸರ್ವರಿನ ಸ್ವಿಚ್ಚಿಗೆ ಬರಕೂಡದು. ಈಗ ಗೇಟಿನ ಕ್ಯಾಮೆರಾ ವೈಫೈಯಲ್ಲಿದೆ. ಇಂಟರ್‌ನೆಟ್ಟು ಫೈಬರಿನಲ್ಲಿ ಬಂದರೆ ನಿಶ್ಚಿಂತೆ ಹೆಚ್ಚು, ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಮೋಡ ಕಪ್ಪಾದರೆ ನಾನು ಯಂತ್ರ ಆರಿಸಿ ಪ್ಲಗ್ಗು ಕೀಳುತ್ತೇನೆ. ಇಂಥ ಸರ್ವರ್ ಎಂಥ ಸರ್ವರ್ ಎಂದು ಬೆಂಗಳೂರಿನವರು ನಗಲಿ.

ತಂಪು, ಉಪ್ಪು, ಕುಂಬಾರ ಹುಳ

ಮೃಗಶಿರಾ ಮಳೆ ಹಿಡಿದರೆ ನಮ್ಮ ಮನೆಗಳ ನೆಲ ಬೆವರುತ್ತದೆ. ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಕ್ಯಾಮೆರಾ ಲೆನ್ಸಿನಲ್ಲಿ ಬಿಳಿ ಬಲೆ ಹಬ್ಬುತ್ತದೆ. ಅಪ್ಪಯ್ಯ ಕ್ಯಾಮೆರಾಗಳನ್ನು ಹಲಸಿನ ಮರದ ಕಪಾಟಿನಲ್ಲಿಟ್ಟು ಒಳಗೊಂದು ಝೀರೊ ಬಲ್ಬು ಉರಿಸುತ್ತಿದ್ದ. ಒಳಗಿನ ಗಾಳಿ ಹೊರಗಿನದಕ್ಕಿಂತ ನಾಲ್ಕು ಡಿಗ್ರಿ ಬೆಚ್ಚಗಿದ್ದರೆ ಹಸಿ ಕೂರುವುದಿಲ್ಲ ಎಂಬುದು ಅವನ ಲೆಕ್ಕ. ಸದಾ ಓಡುವ ಸಣ್ಣ ಸರ್ವರ್ ತನಗೆ ತಾನೇ ಆ ಝೀರೊ ಬಲ್ಬು. ಆದ್ದರಿಂದ ಜೂನಿನಿಂದ ಆಗಸ್ಟಿನವರೆಗೆ ಅದನ್ನು ಆರಿಸದೆ ಬಿಡುವುದೇ ವಾಸಿ. ಎರಡು ವಾರ ಆರಿಸಿಟ್ಟು, ತಣ್ಣಗಾಗಿ ತೇವ ಹೀರಿದ ಯಂತ್ರಕ್ಕೆ ಒಮ್ಮೆಲೇ ಕರೆಂಟು ಕೊಟ್ಟಾಗಲೇ ಅನಾಹುತವಾಗುವುದು.

ಕ್ಯಾಬಿನೆಟ್ ಆರಿಸುವಾಗ ಗಾಜಿನ ಬಾಗಿಲು, ಬಣ್ಣದ ದೀಪ ಇವೆಲ್ಲ ಬೇಡ. ಬೇಕಾದದ್ದು ನಾಲ್ಕು ಡಿಸ್ಕಿಗೆ ಜಾಗ, ಡಿಸ್ಕುಗಳ ಎದುರಿಗೇ ಒಂದು 120 ಮಿ.ಮೀ. ಫ್ಯಾನು, ಕಳಚಿ ತೊಳೆಯಬಹುದಾದ ಧೂಳುಜಾಲರಿ, ಬಣ್ಣ ಕಿತ್ತುಹೋಗದ ದಪ್ಪ ತಗಡು. ಎತ್ತಿ ನೋಡಿ; ತೆಳು ತಗಡಿನದು ಕರಾವಳಿಯಲ್ಲಿ ಮೂರನೆಯ ಮಳೆಗಾಲಕ್ಕೆ ಅಂಚಿನಿಂದ ತುಕ್ಕು ಉದುರಿಸುತ್ತದೆ. ಆ ತುಕ್ಕಿನ ಪುಡಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್. ನೆಲದಿಂದ ಒಂದೂವರೆ ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ ಇಡಿ.

ಕಡಲಿಗೆ ಹತ್ತಿರದ ಮನೆಯಾದರೆ ರ‍್ಯಾಮಿನ ಹೊಂಬಣ್ಣದ ಹಲ್ಲುಗಳನ್ನು ವರ್ಷಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ‘ಆನ್ ಆಗುತ್ತಿಲ್ಲ’ ಎಂದು ನನ್ನ ಬಳಿ ತಂದ ಯಂತ್ರಗಳಲ್ಲಿ ಬಹಳಷ್ಟು ಇದರಿಂದಲೇ ಎದ್ದಿವೆ. ದುಡ್ಡು ಕೇಳಲು ನಾಚಿಕೆಯಾಗುವಷ್ಟು ಸಣ್ಣ ಕೆಲಸ.

ಮತ್ತೆ ಕುಂಬಾರ ಹುಳ. ಒಮ್ಮೆ ಲ್ಯಾನ್ ವೈರು ಕೂರುತ್ತಲೇ ಇರಲಿಲ್ಲ. ಟಾರ್ಚು ಹಿಡಿದು ನೋಡಿದರೆ ಖಾಲಿ ಪೋರ್ಟಿನ ತುಂಬ ನುಣ್ಣಗೆ ಮೆತ್ತಿದ ಕೆಮ್ಮಣ್ಣು. ಸೂಜಿಯಿಂದ ಕೆದಕಿದರೆ ಒಳಗೆ ನಾಲ್ಕು ಹಸಿರು ಹುಳ, ಮರಿಗೆಂದು ಕೂಡಿಟ್ಟ ಬುತ್ತಿ. ಅಂದಿನಿಂದ ಬಳಸದ ಪ್ರತಿ ಕಿಂಡಿಗೂ ರಬ್ಬರ್ ಮುಚ್ಚಳ ಹಾಕಿದ್ದೇನೆ. ಇಪ್ಪತ್ತರ ಕಟ್ಟು ಅಗ್ಗಕ್ಕೆ ಸಿಗುತ್ತದೆ. ಎಸ್‌ಎಂಪಿಎಸ್ ಹಿಂದಿನ ಜಾಲರಿಯಿಂದ ಹಲ್ಲಿ ನುಗ್ಗದಂತೆ ಸೊಳ್ಳೆಪರದೆಯ ತುಂಡೊಂದನ್ನು ಕಟ್ಟಿ, ಅದನ್ನು ತಿಂಗಳಿಗೊಮ್ಮೆ ಕೊಡವಿ.

ಡಿಸ್ಕು

ದುಡ್ಡಿನ ಅರ್ಧ ಇಲ್ಲಿಗೆ ಹೋಗಲಿ. ಎಷ್ಟು ಬೇಕೆಂದು ಮೊದಲು ಲೆಕ್ಕ ಹಾಕಿ, ಅಂದಾಜು ಬೇಡ. ಮಿನಿ ಡಿವಿ ಒಂದು ತಾಸಿಗೆ 13 ಜಿಬಿ. 214 ಟೇಪಿಗೆ ಸುಮಾರು 2.8 ಟಿಬಿ. ಕ್ಯಾಸೆಟ್ಟುಗಳನ್ನು 24 ಬಿಟ್ಟಿನ ಒಳ್ಳೆಯ ಗುಣಮಟ್ಟದಲ್ಲಿ ಇಳಿಸಿದರೂ ತಾಸಿಗೆ ಒಂದು ಜಿಬಿ, ಅದು ಗಣನೆಗೇ ಇಲ್ಲ. ದೊಡ್ಡ ಹೊಟ್ಟೆ ಈಗಿನ ಕ್ಯಾಮೆರಾಗಳದು. ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ಚಿತ್ರ ತಾಸಿಗೆ 45 ಜಿಬಿ ತಿನ್ನುತ್ತದೆ. ಎಂಟು ತಾಸಿನ ಇಡೀ ರಾತ್ರಿಯ ಆಟವನ್ನು ಮೂರು ಕ್ಯಾಮೆರಾದಲ್ಲಿ ಹಿಡಿದರೆ ಬೆಳಗಾಗುವುದರೊಳಗೆ ಒಂದು ಟಿಬಿ ದಾಟಿತು. ನಾನು 8 ಟಿಬಿಯ ಎರಡು ಡಿಸ್ಕು ಹಾಕಿ, ಎರಡರಲ್ಲೂ ಒಂದೇ ಬರೆಯುವಂತೆ ಜೋಡಿ ಮಾಡಿದ್ದೇನೆ. ಪರದೆಯ ಮೇಲೆ 7.27 ಎಂದು ಕಂಡರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ.

ಕೊಳ್ಳುವ ಮುನ್ನ ನೋಡಲೇಬೇಕಾದದ್ದು ಅದು ಸಿಎಂಆರೋ ಎಸ್‌ಎಂಆರೋ ಎಂಬುದು. ಸಿಎಂಆರ್ ಡಿಸ್ಕಿನಲ್ಲಿ ಬರವಣಿಗೆಯ ಸಾಲುಗಳು ಒಂದರ ಪಕ್ಕ ಒಂದು. ಎಸ್‌ಎಂಆರ್‌ನಲ್ಲಿ ಮಾಡಿಗೆ ಹೆಂಚು ಹೊದೆಸಿದಂತೆ ಒಂದರ ಅಂಚು ಇನ್ನೊಂದರ ಮೇಲೆ ಏರಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಏರಿದವನ್ನೆಲ್ಲ ಎತ್ತಬೇಕಲ್ಲ, ಇಲ್ಲೂ ಹಾಗೆಯೇ. ಒಮ್ಮೆ ತುಂಬಿ ಎತ್ತಿಡುವುದಕ್ಕೆ ಅಡ್ಡಿಯಿಲ್ಲ. ಜೋಡಿಯಲ್ಲಿ ಒಂದು ಸತ್ತು, ಹೊಸದಕ್ಕೆ ಪೂರ್ತಿ ನಕಲು ಮಾಡುವ ದಿನ ಅದು ತೆವಳುತ್ತದೆ, ಕೆಲವೊಮ್ಮೆ ಕೈಬಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ರೆಡ್ ಸಾಲಿನ ಕೆಲವು ಡಿಸ್ಕುಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಿತು. ಅದಕ್ಕೂ ಮೊದಲು ಕೊಂಡವರಿಗೆ ಅದನ್ನು ಹೇಳಿರಲಿಲ್ಲ. ಆಮೇಲೆ ಸಿಎಂಆರ್ ಇರುವವಕ್ಕೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟರು. ಮಾವನಿಗೆ ಇದನ್ನು ವಿವರಿಸಿದಾಗ ಅವನು ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ: ‘ಅಷ್ಟೇ ತಾನೇ ಕೂಸೇ? ಚಾಲಿಯ ದರ ತೆಗೆದುಕೊಂಡು ಬಿಳಿಗೋಟು ತುಂಬಿಸಿದ್ದಾರೆ.’ ಚಾಲಿ ಮೇಲು ಅಡಿಕೆ, ಬಿಳಿಗೋಟು ಕೀಳು. ಶಿರಸಿಯ ವಖಾರಿಯಲ್ಲಿ ಚೀಲದೊಳಗೆ ಕೈ ಹಾಕಿ ಅಡಿಕೆ ನೋಡದೆ ಯಾರೂ ದರ ಹೇಳುವುದಿಲ್ಲ. ನೀವೂ ಮಾಡೆಲ್ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ನೋಡಿದ ಮೇಲೆಯೇ ದುಡ್ಡು ಬಿಚ್ಚಿ. ರೆಡ್ ಪ್ಲಸ್, ಸೀಗೇಟಿನ ಐರನ್‌ವುಲ್ಫ್ ಇವು ಸಿಎಂಆರ್.

ಸಾಮಾನ್ಯ ಡಿಸ್ಕುಗಳ ಮೈಮೇಲೆ ಉಸಿರಾಡುವ ಸಣ್ಣ ತೂತೊಂದಿರುತ್ತದೆ, ಒಳಗೆ ಸೋಸುಪದರ. ಅದರ ಮೇಲೆ ಟೇಪು ಅಂಟಿಸಬೇಡಿ. ಹೆಚ್ಚು ಗಾತ್ರದ ಡಿಸ್ಕುಗಳಲ್ಲಿ ಹೀಲಿಯಂ ತುಂಬಿ ಪೂರ್ತಿ ಬೆಸುಗೆ ಹಾಕಿದವು ಬರುತ್ತವೆ. ತೇವದ ಊರಿಗೆ ಅವು ಒಂದು ಕೈ ಮೇಲು, ಬೆಲೆಯೂ ಮೇಲು.

ಎರಡು ಡಿಸ್ಕನ್ನು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡರೆ ಒಂದೇ ಗಾಣದ ಎಣ್ಣೆ ಬಂದೀತು; ಒಂದರ ದೋಷ ಇನ್ನೊಂದರಲ್ಲೂ ಇರಬಹುದು. ನಾನು ಒಂದನ್ನು ಹುಬ್ಬಳ್ಳಿಯಿಂದ, ಇನ್ನೊಂದನ್ನು ಎರಡು ತಿಂಗಳ ನಂತರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ. ಬಿಲ್ಲಿನ ಜೊತೆಗೆ ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ವಾರಂಟಿ ಭಾರತಕ್ಕೆ ಅನ್ವಯಿಸುತ್ತದೆಯೇ ನೋಡಿ. ತೀರಾ ಅಗ್ಗವಾಗಿದ್ದರೆ ಬೇರೆ ದೇಶದ ಮಾಲು ಎಂಬ ಅನುಮಾನವಿರಲಿ. ತಂದ ಮೇಲೆ ಒಂದು ಸಲ ಕೊನೆಯ ತುದಿಯವರೆಗೆ ಬರೆದು, ಮತ್ತೆ ಪೂರ್ತಿ ಓದಿಸಿ. 8 ಟಿಬಿಗೆ ಒಂದು ದಿನಕ್ಕೂ ಮಿಕ್ಕಿ ಹಿಡಿಯುತ್ತದೆ. ಕಾಯಿರಿ. ಮೂರನೆಯ ಡಿಸ್ಕೊಂದು ನನ್ನ ಬಳಿ ಹದಿನಾಲ್ಕನೆಯ ತಾಸಿನಲ್ಲಿ ಸೋತಿತು. ಇನ್ನೂ ಖಾಲಿಯಿದ್ದುದರಿಂದ ದುಃಖವಾಗಲಿಲ್ಲ, ವಾಪಸ್ ಕಳಿಸಿದೆ.

ಕಾರ್ಯಾಚರಣ ವ್ಯವಸ್ಥೆಗೆ 250 ಜಿಬಿಯ ಸಾಧಾರಣ ಎಸ್‌ಎಸ್‌ಡಿ ಸಾಕು. ಆದರೆ ಎಸ್‌ಎಸ್‌ಡಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುವ ಸಂಗ್ರಹಕ್ಕೆ ಬಳಸಬೇಡಿ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ, ಅದರಲ್ಲೂ ಸವೆದದ್ದಾದರೆ, ಅದರೊಳಗಿನ ಬರಹ ಮಾಸಬಹುದು.

ಉಳಿದದ್ದು

ಈಗ ಪ್ರೊಸೆಸರ್. ಕಡತ ಹಂಚುವುದು, ಮನೆಯವರ ಫೋಟೊ ಕೂಡಿಡುವುದು, ಟಿವಿಗೆ ಆಟ ಹಾಕುವುದು, ಇಷ್ಟಕ್ಕೆ ನಾಲ್ಕು ಕೋರಿನ ಐ3–12100 ಬೇಕಾದಷ್ಟಾಯಿತು. ಹೆಸರಿನ ಕೊನೆಗೆ ‘ಎಫ್’ ಇರುವುದನ್ನು ತರಬೇಡಿ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಡಿಸ್ಕು ಒಂದೇ ಸಾಕೆನ್ನುವವರಿಗೆ 6 ವ್ಯಾಟಿನ ಎನ್100 ಇದೆ. ಕಚೇರಿಗಳಿಂದ ಬಂದ ಹಳೆಯ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಅಗ್ಗಕ್ಕೆ ಸಿಕ್ಕರೆ ತರಬಹುದು. ಒಂದೇ ತೊಂದರೆ: ಹಲವದರ ಎಸ್‌ಎಂಪಿಎಸ್ ಕಂಪನಿಯದೇ ಆಕಾರದ್ದು, ಅದು ಸತ್ತರೆ ಕುಮಟಾದಲ್ಲಿ ಬದಲಿ ಸಿಗುವುದಿಲ್ಲ.

ಎಡಿಟಿಂಗ್ ಯಂತ್ರಕ್ಕೆ ಮಾತ್ರ ಕೋರುಗಳಿಗಿಂತ ಮೊದಲು ನಿಮ್ಮ ಕ್ಯಾಮೆರಾ ಏನು ಬರೆಯುತ್ತದೆ ಎಂದು ನೋಡಿ. ನನ್ನದು ಬರೆಯುವುದು 10 ಬಿಟ್ 4:2:2 ಎಚ್‌ಇವಿಸಿ ಎಂಬ ವಿಡಿಯೊ ಮಾದರಿ. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಒಳಗ್ರಾಫಿಕ್ಸ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ಎನ್‌ವಿಡಿಯಾ ಕಾರ್ಡುಗಳಿಗೆ ಆ ವಿದ್ಯೆ ಬಂದದ್ದು 2025ರ 50ನೇ ಸಾಲಿನಲ್ಲಿ. ದುಬಾರಿ ಹಳೆಯ ಕಾರ್ಡು ಕೊಂಡು ‘ಚಿತ್ರ ತಡೆತಡೆದು ಓಡುತ್ತದೆ’ ಎಂದು ಪೇಚಾಡುವವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. 13, 14ನೇ ತಲೆಮಾರಿನ ಇಂಟೆಲ್ ಪ್ರೊಸೆಸರನ್ನು ಬಳಸಿದ್ದು ಕೊಳ್ಳುವುದಾದರೆ ಜೋಕೆ. ಅವುಗಳಲ್ಲಿ ಕೆಲವು ಅತಿ ವೋಲ್ಟೇಜಿನಿಂದ ಕೆಡುತ್ತಿದ್ದುದನ್ನು ಕಂಪನಿ 2024ರಲ್ಲಿ ಒಪ್ಪಿ, ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಮೂಲಕ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಬೆಳೆಸಿತು. ತಿದ್ದುಪಡಿಗೆ ಮುಂಚೆ ಎಷ್ಟು ದುಡಿದಿತ್ತೋ ಮಾರುವವನಿಗೂ ಗೊತ್ತಿರುವುದಿಲ್ಲ.

ಮದರ್‌ಬೋರ್ಡಿನಲ್ಲಿ ಡಿಸ್ಕು ಸಿಕ್ಕಿಸುವ ಸಾಟಾ ಪೋರ್ಟು ನಾಲ್ಕು ಇರಬೇಕು. ಕೈಪಿಡಿಯನ್ನು ಮೊದಲೇ ಇಳಿಸಿಕೊಂಡು ಓದಿ, ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟು ಕುರುಡಾಗುವ ಬೋರ್ಡುಗಳಿವೆ. ನನಗೆ ಇನ್ನೊಂದು ಬೇಕಿತ್ತು: ಫೈರ್‌ವೈರ್ ಕಾರ್ಡಿಗೆ ಖಾಲಿ ಪಿಸಿಐಇ ಕಿಂಡಿ. ಮಿನಿ ಡಿವಿಯಿಂದ ಚಿತ್ರ ಇಳಿಸಲು ಅದೇ ರಾಜಮಾರ್ಗ. ಲಿನಕ್ಸ್‌ನಲ್ಲಿ ಫೈರ್‌ವೈರ್ ಬೆಂಬಲವನ್ನು 2029ರವರೆಗೆ ನೋಡಿಕೊಳ್ಳುವುದಾಗಿ ಅದರ ನಿರ್ವಾಹಕರು ಹೇಳಿದ್ದಾರೆ. ಟೇಪು ಓಡುವಷ್ಟೇ ಹೊತ್ತು ಇಳಿಸಲೂ ಬೇಕು. 214 ಟೇಪಿಗೆ 214 ತಾಸು. ನಿಮ್ಮ ಮನೆಯಲ್ಲೂ ಅಂಥ ಟೇಪುಗಳಿದ್ದರೆ ಬೋರ್ಡು ಕೊಳ್ಳುವಾಗಲೇ ಆ ಕಿಂಡಿ ನೆನಪಿರಲಿ.

ಮೆಮೊರಿ 16 ಜಿಬಿ. 2025ರ ಕೊನೆಯಿಂದ ಬೆಲೆ ಗಗನಕ್ಕೇರಿರುವಾಗ ಡಿಡಿಆರ್4 ಬೋರ್ಡು ಕೊಂಡು ಹಳೆಯ ರ‍್ಯಾಮ್ ಹಾಕುವುದರಲ್ಲಿ ನಾಚಿಕೆಯಿಲ್ಲ. ಒಂದು ರಾತ್ರಿ ಪೂರ್ತಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಒಂದೂ ತಪ್ಪಿಲ್ಲದಿದ್ದರೆ ಮಾತ್ರ ಇಟ್ಟುಕೊಳ್ಳಿ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಒಳ್ಳೆಯದೇ, ಆದರೆ ಅರ್ಥಿಂಗ್ ಇಲ್ಲದ ಮನೆಗೆ ಇಸಿಸಿ ತರುವುದು ಮಾಡು ಸೋರುವಾಗ ಗೋಡೆಗೆ ಬಣ್ಣ ಹೊಡೆದಂತೆ. ನೆಟ್‌ವರ್ಕು 2.5 ಗಿಗಾಬಿಟ್ ಇದ್ದರೆ ಕೆಲಸ ಬೇಗ: ಸಾಮಾನ್ಯ ಒಂದು ಗಿಗಾಬಿಟ್ಟಿನಲ್ಲಿ ಒಂದು ಟಿಬಿ ಸಾಗಿಸಲು ಎರಡೂವರೆ ತಾಸು ಬೇಕು.

ಕರೆಂಟ್ ಬಿಲ್ಲಿನ ಮಾತನ್ನೂ ಆಡಿಬಿಡುತ್ತೇನೆ. ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಲ್ಲಿ ನನ್ನ ಸರ್ವರ್ ಸುಮ್ಮನಿದ್ದಾಗ 34 ವ್ಯಾಟ್ ತೋರಿಸುತ್ತದೆ, ಅಂದರೆ ತಿಂಗಳಿಗೆ ಸುಮಾರು 24 ಯೂನಿಟ್. ಮೊದಲಿನ ಒಂದೇ ಯಂತ್ರ ಸುಮ್ಮನಿದ್ದಾಗಲೂ 95 ವ್ಯಾಟ್ ಎಳೆಯುತ್ತಿತ್ತು: 68 ಯೂನಿಟ್. ಗೃಹಜ್ಯೋತಿಯ ಫಲಾನುಭವಿಗಳು ಇದನ್ನು ಗಮನಿಸಬೇಕು. ಆ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ, 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು. ಹಗಲೂ ರಾತ್ರಿ ಉರಿಯುವ ಪೆಟ್ಟಿಗೆಯೊಂದು ಹೆಸ್ಕಾಂ ಬಿಲ್ಲನ್ನು ಸೊನ್ನೆಯಿಂದ ಸಾವಿರದಾಚೆಗೆ ಒಯ್ಯಬಲ್ಲದು.

ಘಟ್ಟದ ಮೇಲಿನ ಪ್ರತಿ

ಜೋಡಿ ಡಿಸ್ಕು ಎಂದರೆ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಮನೆಗೆ ನೀರು ನುಗ್ಗಿದರೆ ಎರಡೂ ಮುಳುಗುತ್ತವೆ. ಬೇರೆ ಊರಿನಲ್ಲೊಂದು ಪ್ರತಿ ಇರಲೇಬೇಕು. ಮೊದಲ ವರ್ಷ ಪ್ರತಿ ತುಂಬಿದ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ದೇವಿಮನೆ ಘಟ್ಟದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಾವನಿಗೆ ಒಪ್ಪಿಸಿದೆ. ಆರು ತಿಂಗಳ ನಂತರ ಹೋಗಿ ‘ಎಲ್ಲಿ’ ಎಂದು ಕೇಳಿದರೆ, ‘ಅಟ್ಟದ ಮೇಲಿದೆ. ಅಲ್ಲಿ ಇಟ್ಟದ್ದು ಬೂಷ್ಟು ಬಂದದ್ದೇ ಇಲ್ಲ’ ಎಂದ. ಒಲೆಯ ನೇರ ಮೇಲಿನ ಅಟ್ಟ. ಡಿಸ್ಕಿನ ಮೈಗೆ ಬೆಲ್ಲದ ಪಾಕದಂಥ ಹೊಗೆಜಿಡ್ಡು ಹಿಡಿದಿತ್ತು. ಓಡಿತು ನಿಜ, ಆದರೆ ನಾನು ಎರಡನೆಯ ಸಲ ಪರೀಕ್ಷಿಸಲಿಲ್ಲ.

ಈಗ ಅವನ ಮನೆಯ ಜಗುಲಿಯ ಕಪಾಟಿನಲ್ಲಿ ಎನ್100 ಬೋರ್ಡಿನ ಸಣ್ಣ ಪೆಟ್ಟಿಗೆಯಿದೆ, ಒಳಗೆ 8 ಟಿಬಿಯ ಒಂದೇ ಡಿಸ್ಕು, ಕೆಳಗೆ ಯುಪಿಎಸ್. ಒಟ್ಟು 16 ವ್ಯಾಟ್. ಮೊದಲ ಪ್ರತಿಯನ್ನು ಇಲ್ಲೇ ಕುಮಟಾದಲ್ಲಿ ತುಂಬಿಸಿ ಬಸ್ಸಿನಲ್ಲೇ ಒಯ್ದೆ. ಸೆಕೆಂಡಿಗೆ 100 ಮೆಗಾಬಿಟ್ಟಿನ ಲೈನು ಎಡೆಬಿಡದೆ ದುಡಿದರೂ ತಾಸಿಗೆ 45 ಜಿಬಿ ದಾಟದು, ನಮ್ಮ ಕಡೆ ಎಡೆಬಿಡದೆ ಎಂಬುದೇ ಇಲ್ಲ. ಇನ್ನೀಗ ದಿನದಿನದ ಹೊಸ ಕಡತಗಳಷ್ಟೇ ರಾತ್ರಿ ಎರಡರ ನಂತರ ಘಟ್ಟ ಹತ್ತುತ್ತವೆ. ತಿಂಗಳಿಗೊಂದು ಟೇಪನ್ನು ಶಿರಸಿಯ ಪ್ರತಿಯಿಂದಲೇ ತೆರೆದು ಹತ್ತು ನಿಮಿಷ ನೋಡುತ್ತೇನೆ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಾನು ಲೆಕ್ಕ ಹಿಡಿಯುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಐದು ರಾತ್ರಿ ಏನೂ ಹೋಗಲಿಲ್ಲ. ಫೈಬರು ಕಡಿದಿರಬೇಕೆಂದು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮಾವನಿಗೆ ಫೋನ್ ಮಾಡಿದೆ. ‘ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದೆಯೇ?’

‘ಇಲ್ಲ ಕೂಸೇ. ಅಡಿಕೆ ಸುಲಿಯುವ ಯಂತ್ರಕ್ಕೆ ಪ್ಲಗ್ಗು ಬೇಕಿತ್ತು. ಸುಲಿಯುವುದು ಮುಗಿಯಲಿ, ಹಾಕುತ್ತೇನೆ.’

ಸುಲಿಯುವುದು ಮುಗಿಯಲು ಇನ್ನೂ ಹತ್ತು ದಿನವಿತ್ತು. ಮರುದಿನವೇ ಬಸ್ಸು ಹತ್ತಿ ಹೋಗಿ, ಸ್ವಿಚ್ ಇಲ್ಲದ ಬೇರೆ ಪ್ಲಗ್ಗು ಕೂರಿಸಿ, ಅದರ ಸುತ್ತ ಕೆಂಪು ಟೇಪು ಸುತ್ತಿ ಬಂದೆ.